ಸುಂಕವೂ ಸೂರೂ: ಬೆಂಗಳೂರು ಪೇಟೆ ಮತ್ತು ನಗರಸಭೆಯ ನಂಟು

1862ರ ಮಾರ್ಚ್ 27ರಂದು ಬೆಂಗಳೂರು ಪೇಟೆಯ ಒಂಬತ್ತು ಮಂದಿ ಪ್ರಮುಖರು ಸೇರಿ ಪುರಸಭೆಯೊಂದನ್ನು ರಚಿಸಿಕೊಂಡರು. ಪಟ್ಟಣಗಳ ಸುಧಾರಣೆಗೆಂದು 1850ರಲ್ಲಿ ಆಗಿದ್ದ ಕಾಯ್ದೆ ಅದಕ್ಕೆ ಆಧಾರ. ಅದೇ ಕಾಲಕ್ಕೆ ಪೇಟೆಯಾಚೆಯ ದಂಡು ಪ್ರದೇಶಕ್ಕೂ ಅಂಥದೇ ಇನ್ನೊಂದು ಸಭೆ ಬಂತು. ಊರು ಒಂದೇ, ಆಡಳಿತ ಎರಡು. ಈ ಸದಸ್ಯರನ್ನು ಜನ ಆರಿಸಿರಲಿಲ್ಲ, ಅವರ ಕೈಯಲ್ಲಿ ದೊಡ್ಡ ಬೊಕ್ಕಸವೂ ಇರಲಿಲ್ಲ. ಬೀದಿ ಗುಡಿಸಬೇಕು, ಚರಂಡಿ ತೋಡಿಸಬೇಕು, ಕತ್ತಲಾದ ಮೇಲೆ ದೀಪ ಹಚ್ಚಿಸಬೇಕು. ಇಷ್ಟಕ್ಕೂ ದುಡ್ಡು ಹುಟ್ಟಬೇಕಾದದ್ದು ಪೇಟೆಯಲ್ಲೇ. ಪೇಟೆಯ ಹತ್ತಿರ ಇದ್ದ ಆಸ್ತಿ ಎಂದರೆ ವ್ಯಾಪಾರ.

ವರ್ತಕರ ಗಾಡಿಯಿಂದ ಸುಂಕ ಎತ್ತುವುದು, ಆ ಸುಂಕದಲ್ಲಿ ವರ್ತಕರಿಗೆ ಬೇಕಾದ ಊರನ್ನು ಕಟ್ಟುವುದು: ಬೆಂಗಳೂರಿನ ನಗರಸಭೆ ಬಾಳಿದ್ದು ಹೀಗೆ. ಈ ನಗರ ದುಡ್ಡು ಕಂಡ ಕಥೆಯನ್ನು ಸಾಮಾನ್ಯವಾಗಿ ಬಟ್ಟೆ ಗಿರಣಿಗಳ, ಸರ್ಕಾರಿ ಕಾರ್ಖಾನೆಗಳ, ಸಾಫ್ಟ್‌ವೇರ್ ಕಂಪನಿಗಳ ಕಥೆಯಾಗಿ ಹೇಳುವುದು ರೂಢಿ. ಸೊಪ್ಪು ಮಾರುವವಳಿಂದ ಹಿಡಿದು ಜವಳಿ ಸಾಹುಕಾರನವರೆಗೆ ಎಲ್ಲರಿಗೂ ಕೂರಲು ಜಾಗ, ಕುಡಿಯಲು ನೀರು, ಲೆಕ್ಕ ಬರೆಯಲು ಬೆಳಕು ಒದಗಿಸಿದ ನಗರಸಭೆಯ ಪಾಲು ಆ ಕಥೆಯಲ್ಲಿ ಮೂಲೆ ಸೇರಿದೆ. ಅದನ್ನು ಮುಂದಕ್ಕೆ ತಂದು ನೋಡಿದರೆ ನಗರಸಭೆ ಯಾವಾಗ ವ್ಯಾಪಾರಕ್ಕೆ ಆಸರೆಯಾಯಿತು, ಯಾವಾಗ ಭಾರವಾಯಿತು ಎಂಬುದು ಸ್ಪಷ್ಟವಾಗುತ್ತದೆ.

ಆ ಒಂಬತ್ತು ಮಂದಿಯ ಕೈಗೆ ಬಂದ ಪೇಟೆ ಆಗಲೇ ಮುನ್ನೂರು ವರ್ಷ ಹಳೆಯದು. ಕೆಂಪೇಗೌಡರು ಊರು ಕಟ್ಟಿದ ವರ್ಷ 1537 ಎಂಬುದು ಸಂಪ್ರದಾಯದ ಲೆಕ್ಕ. ಅಕ್ಕಿಪೇಟೆ, ತರಗುಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ ಹೀಗೆ ಸರಕಿಗೊಂದು, ಕಸುಬಿಗೊಂದು, ಸಮುದಾಯಕ್ಕೊಂದು ಬೀದಿ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಚೌಕವೇ ಊರಿನ ಹೊಕ್ಕುಳು. ಸುತ್ತ ಕಂದಕ, ಅದರಾಚೆ ಶತ್ರುವಿನ ಕುದುರೆ ನುಗ್ಗದಂತೆ ಬೆಳೆಸಿದ ದಟ್ಟ ಮುಳ್ಳುಬೇಲಿ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯ ವ್ಯಾಪಾರವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹೈದರಾಲಿಯ ಕಾಲದಲ್ಲಿ ಊರು ವ್ಯಾಪಾರದಲ್ಲಿ ಮೇಲೆದ್ದಿತ್ತು; ಟಿಪ್ಪುವಿನ ಕಾಲದಲ್ಲಿ ನಿಜಾಮನ ಸೀಮೆ ಮತ್ತು ಆರ್ಕಾಟಿನ ಕಡೆಯ ವ್ಯಾಪಾರಕ್ಕೆ ತಡೆ ಬಿದ್ದು ವರ್ತಕರು ಸೋತರು; 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಸೂರೆಮಾಡಿತು. ಬುಕಾನನ್ ಬಂದ ಹೊತ್ತಿಗೆ ಓಡಿಹೋದವರು ಮರಳುತ್ತಿದ್ದರು. ಎತ್ತಿನ ಹೇರುಗಳ ಮೇಲೆ ಬಡಗಣ ಸೀಮೆಯಿಂದ ಹತ್ತಿ ಬರುತ್ತಿತ್ತು, ಮಲೆನಾಡಿನಿಂದ ಅಡಿಕೆ, ಮೆಣಸು. ಪಟ್ಟೇಗಾರರು, ಖತ್ರಿಗಳು ರೇಷ್ಮೆ ನೇಯುತ್ತಿದ್ದರು. ದೇವಾಂಗರು, ತೊಗಟರು ಹತ್ತಿಬಟ್ಟೆ ನೇಯುತ್ತಿದ್ದರು. ಮಗ್ಗಕ್ಕೆ ಮುಂಗಡ ಕೊಡುವವರು ವರ್ತಕರು.

ಆಗ ಪೇಟೆಯ ಜಗಳ ತೀರಿಸುವವರು, ಕಟ್ಟಳೆ ಕಾಯುವವರು ಜಾತಿ ಮತ್ತು ಕಸುಬಿನ ಮುಖಂಡರು. ಬಲಗೈಯ ಹದಿನೆಂಟು ಪಣ, ಎಡಗೈಯ ಒಂಬತ್ತು ಪಣ ಎಂಬ ಎರಡು ಬಣಗಳಾಗಿ ಊರಿನ ಕಸುಬುಗಳು ಹಂಚಿಹೋಗಿದ್ದವು. ಯಾವ ಬೀದಿಯಲ್ಲಿ ಯಾರ ಮೆರವಣಿಗೆ ಹೋಗಬೇಕು ಎಂಬುದಕ್ಕೂ ಇವರ ನಡುವೆ ಹೊಡೆದಾಟವಾದದ್ದುಂಟು. ವರ್ತಕರ ಹಿರಿಯನೇ ಊರಿನ ಹಿರಿಯನಾಗುವ ಪದ್ಧತಿ ಕನ್ನಡ ನಾಡಿಗೆ ಇನ್ನೂ ಹಳೆಯದು. ಹನ್ನೊಂದು-ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಪಟ್ಟಣಸ್ವಾಮಿ ಎಂಬ ಪದವಿ ಮತ್ತೆಮತ್ತೆ ಬರುತ್ತದೆ. ಹೊಂಬುಜದಲ್ಲಿ 1062ರಲ್ಲಿ ಬಸದಿ ಕಟ್ಟಿಸಿದ ನೊಕ್ಕಯ್ಯ ಸೆಟ್ಟಿ ಅಂಥ ಪಟ್ಟಣಸ್ವಾಮಿ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು ಊರಿಂದೂರಿಗೆ ಹರಡಿದ್ದವು. ತಾವೇ ವಿಧಿಸಿಕೊಂಡ ಸುಂಕದಲ್ಲಿ ದೇವಸ್ಥಾನಕ್ಕೂ ಕೆರೆಗೂ ಪಾಲು ಕೊಡುತ್ತಿದ್ದವು. ಸುಂಕ ಕೊಡುವವನಿಗೆ ಅದರ ಫಲ ಕಣ್ಣೆದುರು ಕಾಣುವ ವ್ಯವಸ್ಥೆ ಅದು.

1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಸೇರಿ ಬೆಂಗಳೂರು ಆಡಳಿತದ ಕೇಂದ್ರವಾಯಿತು. ಆ ಹೊತ್ತಿಗೆ ಸಂಸ್ಥಾನದಲ್ಲಿ ಸರಕಿನ ಮೇಲಿನ ಸುಂಕಗಳು ಎಣಿಕೆಗೆ ಸಿಗದಷ್ಟು ಬೆಳೆದಿದ್ದವು. ಮೂಟೆಯೊಂದು ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುವಷ್ಟರಲ್ಲಿ ಹಲವು ಕಟ್ಟೆಗಳಲ್ಲಿ ನಿಂತು ಕಾಸು ಕಟ್ಟಬೇಕು. ಕಟ್ಟೆಗಳನ್ನು ಗುತ್ತಿಗೆ ಹಿಡಿದವರಿಗೆ ಅದೇ ಹಬ್ಬ. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಂಥ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರೆಂದು ಸರ್ಕಾರಿ ದಾಖಲೆಗಳು ಹೇಳುತ್ತವೆ. ಮದುವೆಯ ಮೇಲೆ, ಮಗು ಹುಟ್ಟಿದ್ದರ ಮೇಲೆ ಹಾಕಿದ್ದ ತೆರಿಗೆಗಳೂ ಆ ಪಟ್ಟಿಯಲ್ಲಿದ್ದವು. ರಸ್ತೆಗಳು ಬಂದವು, ಹೇರಿನ ಎತ್ತಿನ ಜಾಗಕ್ಕೆ ಎತ್ತಿನ ಗಾಡಿ ಬಂತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದು ಮದರಾಸಿನ ಬಂದರು ಹತ್ತಿರವಾಯಿತು. ಪೇಟೆಯ ಸುತ್ತಲಿನ ಮುಳ್ಳುಬೇಲಿಯನ್ನು ಕಡಿದು ಕಂದಕ ಮುಚ್ಚಿದರು. ಊರು ಹೊರಕ್ಕೆ ಚಾಚಿಕೊಂಡಿತು.

ಹೊಸ ಪುರಸಭೆ ಹುಟ್ಟಿದ್ದು ಈ ಏರುಗಾಲದಲ್ಲಿ. 1881ರಲ್ಲಿ ಸಂಸ್ಥಾನ ಮಹಾರಾಜರಿಗೆ ಮರಳಿದಾಗ ದಂಡು ಬ್ರಿಟಿಷರಲ್ಲೇ ಉಳಿಯಿತು. ಎರಡು ಪುರಸಭೆಗಳೂ ಕಾನೂನುಬದ್ಧವಾಗಿ ಬೇರೆಬೇರೆ ಸಂಸ್ಥೆಗಳಾದವು. ಎರಡರ ಆದಾಯದ ದಾರಿಗಳೂ ಹೆಚ್ಚುಕಡಿಮೆ ಒಂದೇ: ಮನೆ ಕಂದಾಯ, ಮಾರುಕಟ್ಟೆ ಬಾಡಿಗೆ, ಊರೊಳಕ್ಕೆ ಬರುವ ಸರಕಿನ ಮೇಲಿನ ಆಕ್ಟ್ರಾಯ್. ಧಾರವಾಡ, ಹುಬ್ಬಳ್ಳಿ ಕಡೆಯವರು ಅದನ್ನು ಜಕಾತಿ ಎಂದರು, ವಸೂಲಿಯ ಜಾಗವನ್ನು ನಾಕಾ ಎಂದರು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಟೋಲ್‌ಗೇಟ್, ಸುಂಕದಕಟ್ಟೆ ಎಂಬ ಬಸ್ ನಿಲ್ದಾಣಗಳಿಗೆ ಇವತ್ತಿಗೂ ಕಂಡಕ್ಟರ್ ಟಿಕೆಟ್ ಹರಿಯುತ್ತಾನೆ.

ಆಗ ನಾಕೆಯ ಕೆಲಸ ಹೀಗಿತ್ತು. ರಸ್ತೆಗೆ ಅಡ್ಡಲಾಗಿ ಒಂದು ಗಳು, ಪಕ್ಕದಲ್ಲಿ ಒಂದು ಕೊಠಡಿ, ಒಳಗೆ ಗುಮಾಸ್ತ, ಹೊರಗೆ ಜವಾನ. ಗಾಡಿ ನಿಲ್ಲಿಸಿ ಮೂಟೆ ಎಣಿಸುತ್ತಾರೆ. ಸಂಶಯ ಬಂದರೆ ಇಳಿಸಿ ತೂಗುತ್ತಾರೆ. ಬೆಲ್ಲಕ್ಕೆ ಒಂದು ದರ, ತುಪ್ಪಕ್ಕೆ ಒಂದು, ಜವಳಿಗೆ ಒಂದು. ಸರಕು ಈ ಊರಿನಲ್ಲೇ ಮಾರಾಟವಾಗಿ ಖರ್ಚಾಗುವುದಾದರೆ ಮಾತ್ರ ಸುಂಕ. ಊರನ್ನು ಹಾದು ಮುಂದಕ್ಕೆ ಹೋಗುವ ಸರಕಾದರೆ ಕಟ್ಟಿದ ಹಣವನ್ನು ವಾಪಸು ಪಡೆಯಬೇಕು, ಅದಕ್ಕೆ ರಸೀದಿ, ಅರ್ಜಿ, ಕಾಯುವಿಕೆ. ಮಾವಿನ ಹಣ್ಣು, ಹೂವು, ಸೊಪ್ಪು ತಂದ ರೈತನಿಗೆ ಒಂದು ಗಂಟೆ ತಡವಾದರೂ ಅಂದಿನ ಬೆಲೆ ಹೋಯಿತು. ಗಳು ಬೇಗ ಮೇಲೇಳಲಿ ಎಂದು ಜವಾನನ ಕೈ ಬಿಸಿಮಾಡುವುದು ದೇಶದ ಎಲ್ಲ ನಾಕೆಗಳಿಗೂ ಅಂಟಿದ ರೋಗ.

ಹಾಗಿದ್ದೂ ಈ ಸುಂಕಕ್ಕೆ ಒಂದು ಗುಣವಿತ್ತು. ಪೇಟೆಗೆ ಹೆಚ್ಚು ಗಾಡಿ ಬಂದರೆ ಪುರಸಭೆಗೆ ಹೆಚ್ಚು ಹಣ. ಪೇಟೆ ಸೊರಗಿದರೆ ಪುರಸಭೆಯೂ ಸೊರಗುತ್ತದೆ. ಆದ್ದರಿಂದ ವ್ಯಾಪಾರದ ಅನುಕೂಲ ನೋಡುವುದು ಪುರಸಭೆಗೆ ತನ್ನದೇ ಹೊಟ್ಟೆಪಾಡು.

ಆ ಅನುಕೂಲಗಳಲ್ಲಿ ಮೊದಲನೆಯದು ನೀರು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಮತ್ತು ಬಾವಿಗಳೇ ಗತಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ನಡುವಿನಲ್ಲಿ, ಅರ್ಕಾವತಿಗೆ ಅಡ್ಡಲಾದ ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು ಬಂತು. ಬಣ್ಣ ಹಾಕುವವರಿಗೆ, ಹೋಟೆಲು ನಡೆಸುವವರಿಗೆ, ದನ ಕಟ್ಟಿ ಹಾಲು ಮಾರುವವರಿಗೆ ಇದರಿಂದಾದ ಅನುಕೂಲವನ್ನು ಊಹಿಸುವುದು ಕಷ್ಟವಲ್ಲ. ಎರಡನೆಯದು ಜಾಗ, ಅದು ಬಂದದ್ದು ದುರಂತದ ಹಿಂದೆ. 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಒತ್ತೊತ್ತಾಗಿದ್ದ ಪೇಟೆಯ ಮನೆ, ಮಳಿಗೆಗಳನ್ನು ಬಿಟ್ಟು ಜನ ಬಯಲಿಗೆ ಓಡಿದರು. ಅಂಗಡಿ ಬೀದಿಗಳು ಬಣಗುಟ್ಟಿದವು. ಪ್ಲೇಗು ತಡೆಯುವ ಕೆಲಸಕ್ಕೆಂದೇ ಟೆಲಿಫೋನ್ ತಂತಿ ಎಳೆದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಹಿತ್ತಿಲ ಸಂದಿ, ಚರಂಡಿಗಳೊಂದಿಗೆ ಬೆಳೆದವು. ಬಡಾವಣೆಯೊಂದಕ್ಕೆ ಒಂದು ಮಾರುಕಟ್ಟೆಯೂ ಬೇಕೆಂಬ ಲೆಕ್ಕ ಆಗಿನಿಂದ ಊರಿನ ಯೋಜನೆಯ ಭಾಗವಾಯಿತು. ಗಾಂಧಿಬಜಾರು, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ ಇವತ್ತು ತಮ್ಮ ಪಾಡಿಗೆ ತಾವೇ ಪೇಟೆಗಳು.

ಮೂರನೆಯದು ಬೆಳಕು. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಮೊದಲ ಬೀದಿದೀಪಗಳು ಹೊತ್ತಿದ್ದು ಕೋಟೆ ಮತ್ತು ಪೇಟೆಯ ನಡುವಣ ಸಿದ್ದಿಕಟ್ಟೆಯ ಆಸುಪಾಸಿನಲ್ಲಿ. ಒಂದು ಕಾಲಕ್ಕೆ ಕೆರೆಯಾಗಿದ್ದ ಜಾಗ, 1791ರ ಯುದ್ಧದಲ್ಲಿ ರಣರಂಗವಾದ ಜಾಗ, ಆಮೇಲೆ ಗಾಡಿಗಳು ತಂಗುವ, ಸಂತೆ ಕೂಡುವ ಬಯಲು. ವಿದ್ಯುತ್ತು ಸರ್ಕಾರದ್ದು, ಬೀದಿ ನಗರಸಭೆಯದು. ಸೀಮೆಎಣ್ಣೆ ದೀಪದ ಕೆಳಗೆ ಬೇಗ ಕದ ಹಾಕುತ್ತಿದ್ದ ಅಂಗಡಿಗಳಿಗೆ ಇನ್ನೊಂದೆರಡು ಗಂಟೆ ವ್ಯಾಪಾರ ಸಿಕ್ಕಿತು.

ಇದೇ ಸಿದ್ದಿಕಟ್ಟೆಯಲ್ಲಿ 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಹೆಸರು ನಾಲ್ವಡಿ ಕೃಷ್ಣರಾಜ ಒಡೆಯರದು. ಊರಿನ ಬಾಯಲ್ಲಿ ಅದು ಕೆ.ಆರ್. ಮಾರುಕಟ್ಟೆ, ಇಲ್ಲವೇ ಸಿಟಿ ಮಾರ್ಕೆಟ್ಟು. ಮುಂದೊಂದು ಹಿಂದೊಂದು ಕಲ್ಲುಕಟ್ಟಡದ ಹೆಬ್ಬಾಗಿಲು, ನಡುವೆ ಸೂರು ಹೊದಿಸಿದ ಮಳಿಗೆಗಳ ಸಾಲು. ಬಯಲಲ್ಲಿ ಮಳೆಗೆ ನೆನೆದು ಬಿಸಿಲಿಗೆ ಬಾಡುತ್ತಿದ್ದ ಸರಕು ಸೂರಿನಡಿ ಬಂತು. ತೂಕ, ಅಳತೆಯ ಮೇಲೆ ಕಣ್ಣಿಡಲು ಸಾಧ್ಯವಾಯಿತು. ಸೇರು, ಪಾವು, ಕೊಳಗ, ಮಣಗಳ ಕಾಲ ಅದು. ಊರಿಂದೂರಿಗೆ ಮಣದ ತೂಕವೇ ಬೇರೆಯಾಗುತ್ತಿದ್ದ ಕಾಲದಲ್ಲಿ ಒಂದೇ ಸೂರಿನಡಿ ಒಂದೇ ತೂಕ ಎಂಬುದು ಕೊಳ್ಳುವವನಿಗೆ ದೊಡ್ಡ ಧೈರ್ಯ.

ದಂಡಿನ ಕಡೆಯವರೂ ಹಿಂದೆ ಬೀಳಲಿಲ್ಲ. ಅಲ್ಲಿನ ಪುರಸಭೆ ಶಿವಾಜಿನಗರದಲ್ಲಿ 1927ರಲ್ಲಿ ರಸೆಲ್ ಮಾರುಕಟ್ಟೆ ಕಟ್ಟಿಸಿತು. ಹೆಸರು ಆಗಿನ ಮುನ್ಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರದು. 1933ರಲ್ಲಿ ಅದನ್ನು ಉದ್ಘಾಟಿಸಿದವರು ವರ್ತಕ ಇಸ್ಮಾಯಿಲ್ ಸೇಠ್. ಊರಿನ ಮಾರುಕಟ್ಟೆಗೆ ಊರಿನ ಸಾಹುಕಾರರೊಬ್ಬರ ಕೈಯಲ್ಲಿ ಬಾಗಿಲು ತೆರೆಸಿದ್ದು ಆ ಕಾಲದ ನಗರಸಭೆ ಮತ್ತು ವರ್ತಕರ ನಂಟನ್ನು ಹೇಳುತ್ತದೆ.

ಆ ನಂಟು ಎರಡೂ ಕಡೆಯಿಂದ ನಡೆಯಿತು. ಪುರಸಭೆಯ ಕೈಗೆ ಎಟುಕದ್ದನ್ನು ವರ್ತಕರು ತಾವೇ ಮಾಡಿಸಿದರು. ರೈಲು ಇಳಿದು ಬರುವ ಪರಸ್ಥಳದವರಿಗೆ, ಓದಲು ಬರುವ ಹುಡುಗರಿಗೆ ತಂಗಲು ಜಾಗವಿಲ್ಲದ್ದನ್ನು ಕಂಡ ವರ್ತಕ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಅದರ ಬಾಗಿಲು ತೆರೆಯಿತು. ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದ ಎಲೆ ಮಲ್ಲಪ್ಪ ಶೆಟ್ಟರು ಹಳೇ ಮದರಾಸು ರಸ್ತೆಯಲ್ಲಿ ಕೆರೆ ಕಟ್ಟಿಸಿದರು, ಕೆರೆಗೆ ಅವರದೇ ಹೆಸರು ನಿಂತಿತು. 1913ರಲ್ಲಿ ಪೇಟೆಯ ನಗರಸಭೆಗೆ ಗೌರವ ಅಧ್ಯಕ್ಷರು ಬಂದರು. ಆ ಸ್ಥಾನದಲ್ಲಿ ಹಲವು ವರ್ಷ ದುಡಿದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರು 1935ರಲ್ಲಿ ಕಟ್ಟಿದ ಪುರಭವನದ ಮೇಲಿದೆ.

ಬಂಡವಾಳ ಒದಗಿಸುವುದು ಮಾತ್ರ ನಗರಸಭೆಯ ಅಳವಿಗೆ ಮೀರಿದ ಕೆಲಸ. ಅದನ್ನು ಸಂಸ್ಥಾನವೇ ಹೊತ್ತಿತು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಬಂದವು. ಸಂಸ್ಥಾನ ಸಾಲ ಮತ್ತು ವಿದ್ಯುತ್ತು ಕೊಟ್ಟಿತು, ನಗರಸಭೆ ಬೀದಿ ಮತ್ತು ಮಳಿಗೆ ಕೊಟ್ಟಿತು. ಸಣ್ಣ ವ್ಯಾಪಾರಿಗೆ ಎರಡೂ ಬೇಕಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಮಾರುಕಟ್ಟೆಯ ಕಟ್ಟೆಯ ಮೇಲೆ ಬುಟ್ಟಿ ಇಳಿಸಲು ಯಾರ ಶಿಫಾರಸೂ ಬೇಕಿರಲಿಲ್ಲ.

ಸ್ವಾತಂತ್ರ್ಯದ ನಂತರ 1949ರಲ್ಲಿ ಪೇಟೆ ಮತ್ತು ದಂಡಿನ ಎರಡು ನಗರಸಭೆಗಳು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. 70 ಜನ ಚುನಾಯಿತ ಸದಸ್ಯರು, 50 ವಿಭಾಗಗಳು. ಊರು ಮಾತ್ರ ಕಾರ್ಪೊರೇಷನ್ನಿನ ಕೈ ಮೀರಿ ಬೆಳೆಯತೊಡಗಿತ್ತು. ಹೊಸ ಬಡಾವಣೆ ಮಾಡುವ ಕೆಲಸ 1945ರಲ್ಲೇ ನಗರ ಸುಧಾರಣಾ ವಿಶ್ವಸ್ತ ಮಂಡಳಿಗೆ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಹೋಯಿತು. ಕಾರ್ಖಾನೆಗಳಿಗೆಂದೇ ರಾಜಾಜಿನಗರ ಕೈಗಾರಿಕಾ ಬಡಾವಣೆ ಬಂತು, ಆಮೇಲೆ ಪೀಣ್ಯ. ನೀರಿಗೆ ಜಲಮಂಡಳಿ. ಸಗಟು ವ್ಯಾಪಾರದ ಮೇಲ್ವಿಚಾರಣೆ 1966ರ ಕಾಯ್ದೆಯಡಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೆ ಸೇರಿತು. ಯಶವಂತಪುರದ ಪ್ರಾಂಗಣ ಬೆಳೆದಂತೆ ತರಗುಪೇಟೆಯ ಮಂಡಿಗಳ ಭಾರ ಅತ್ತ ವಾಲಿತು. ವ್ಯಾಪಾರಕ್ಕೆ ಸಂಬಂಧಿಸಿದ ಒಂದೊಂದೇ ಎಳೆ ನಗರಸಭೆಯ ಕೈಯಿಂದ ಜಾರಿತು.

ದೊಡ್ಡ ಎಳೆ ಕಡಿದದ್ದು 1979ರ ಏಪ್ರಿಲ್ 1ರಂದು. ಅಂದು ದೇವರಾಜ ಅರಸು ಅವರ ಸರ್ಕಾರ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದು ಮಾಡಿತು. ವರ್ತಕರು ವರ್ಷಗಳಿಂದ ಕೇಳುತ್ತಿದ್ದ ಬಿಡುಗಡೆ ಅದು. ನಾಕೆಗಳ ಗಳು ಮೇಲೆದ್ದವು, ಲಾರಿಗಳ ಸಾಲು ಕರಗಿತು. ಮಹಾರಾಷ್ಟ್ರದಲ್ಲಿ ಮುಂಬೈಯಂಥ ನಗರ 2017ರವರೆಗೂ ಆಕ್ಟ್ರಾಯ್ ವಸೂಲಿ ಮಾಡಿತು ಎಂಬುದನ್ನು ನೆನೆದರೆ ಕರ್ನಾಟಕದ ನಿರ್ಧಾರ ಎಷ್ಟು ಮುಂಚಿನದು ಎಂಬುದು ತಿಳಿಯುತ್ತದೆ. ಸರಕು ಸಾಗಣೆ ಹಗುರಾಯಿತು, ಲಂಚದ ಒಂದು ಬಾಗಿಲು ಮುಚ್ಚಿತು. ಅದು ಸರಿಯಾದ ಕೆಲಸವೇ.

ಆದರೆ ಅದರ ಬೆಲೆಯನ್ನು ತೆತ್ತವರು ನಗರಸಭೆಗಳು. ಆಕ್ಟ್ರಾಯ್ ಬದಲಿಗೆ ರಾಜ್ಯ ಸರ್ಕಾರ ಪ್ರವೇಶ ತೆರಿಗೆ ತಂದು ತಾನೇ ವಸೂಲಿ ಮಾಡಿತು. ನಗರಸಭೆಗಳಿಗೆ ಪರಿಹಾರವೆಂದು ಅನುದಾನ ಕೊಟ್ಟಿತು. ಪೇಟೆಯ ವ್ಯಾಪಾರ ಎರಡರಷ್ಟಾದರೂ ನಗರಸಭೆಯ ಪೆಟ್ಟಿಗೆಗೆ ಅದರಿಂದ ನೇರವಾಗಿ ಬೀಳುವುದು ಪರವಾನಗಿ ಶುಲ್ಕ ಮತ್ತು ಮಳಿಗೆ ಬಾಡಿಗೆ ಮಾತ್ರ. ಬಾಡಿಗೆಯೋ, ವರ್ಷಗಟ್ಟಲೆ ಏರದೆ ನಿಂತದ್ದೇ ಹೆಚ್ಚು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪ್ರವೇಶ ತೆರಿಗೆಯೂ ಅದರಲ್ಲಿ ಕರಗಿತು. ಸ್ಥಳೀಯ ಪ್ರದೇಶದೊಳಕ್ಕೆ ಬರುವ ಸರಕಿನ ಮೇಲೆ ತೆರಿಗೆ ಹಾಕಲು ರಾಜ್ಯಗಳಿಗೆ ಅಧಿಕಾರ ಕೊಟ್ಟಿದ್ದ ಸಂವಿಧಾನದ ನಮೂದನ್ನೇ 101ನೇ ತಿದ್ದುಪಡಿ ತೆಗೆದುಹಾಕಿತು. ಸುಂಕಕ್ಕೂ ಸೂರಿಗೂ ಇದ್ದ ಹಳೆಯ ಕೊಂಡಿ ಅಲ್ಲಿಗೆ ಪೂರ್ತಿ ಕಳಚಿತು.

ಕಾಗದದ ಮೇಲೆ ಇನ್ನೊಂದು ಕೊರತೆಯೂ ಇದೆ. 1992ರಲ್ಲಿ ಅಂಗೀಕಾರವಾಗಿ ಮರುವರ್ಷ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದ ಸ್ಥಾನ ಕೊಟ್ಟವು. ಪಂಚಾಯಿತಿಗಳ ಕೆಲಸಗಳ ಪಟ್ಟಿಯಾದ ಹನ್ನೊಂದನೇ ಅನುಸೂಚಿಯಲ್ಲಿ ಮಾರುಕಟ್ಟೆ ಮತ್ತು ಜಾತ್ರೆಗಳು ಎಂದು ಸ್ಪಷ್ಟವಾಗಿ ಬರೆದಿದೆ. ನಗರಸಭೆಗಳಿಗೆಂದು ಇರುವ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಬೀದಿದೀಪ, ಬಸ್ ನಿಲ್ದಾಣ, ಕಸಾಯಿಖಾನೆ, ಸ್ಮಶಾನ, ದನದೊಡ್ಡಿಗಳಿವೆ, ಮಾರುಕಟ್ಟೆಯ ಹೆಸರಿಲ್ಲ. ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ ಎಂಬ ವಿಶಾಲವಾದ ಸಾಲೊಂದಿದೆ. ರಾಜ್ಯದ ಪೌರಾಡಳಿತ ಕಾಯ್ದೆಗಳು ಮಾರುಕಟ್ಟೆ ನಡೆಸುವ ಅಧಿಕಾರ ಕೊಟ್ಟಿವೆ, ನಿಜ. ಆದರೂ ಹಳ್ಳಿಯ ಸಂತೆಗೆ ಸಿಕ್ಕ ಮನ್ನಣೆ ಕೆ.ಆರ್. ಮಾರುಕಟ್ಟೆಗೆ ಸಿಗದೆಹೋದದ್ದು ನಗರಗಳನ್ನು ರೂಪಿಸುವವರು ವ್ಯಾಪಾರವನ್ನು ಯಾವ ಕಣ್ಣಿನಿಂದ ನೋಡಿದರು ಎಂಬುದನ್ನು ತೋರಿಸುತ್ತದೆ.

ಹಣದ ಕಡೆ ಒಂದು ಗಟ್ಟಿ ಹೆಜ್ಜೆ 2000ದಲ್ಲಿ ಬಿತ್ತು. ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿಯನ್ನು ಬೆಂಗಳೂರು ಮಹಾನಗರ ಪಾಲಿಕೆ ಜಾರಿಗೆ ತಂದಿತು. ಕಂದಾಯ ಅಧಿಕಾರಿಯ ಮರ್ಜಿಗೆ ಬಿಟ್ಟಿದ್ದ ಲೆಕ್ಕ ಅಂಗಡಿಯವನ ಕೈಗೇ ಬಂತು, ಪಾಲಿಕೆಯ ಆದಾಯವೂ ಏರಿತು. ನಿಯಮ ಸರಳವಾಗಿದ್ದು ಎಲ್ಲರಿಗೂ ಒಂದೇ ಆಗಿದ್ದರೆ ವ್ಯಾಪಾರಿ ತೆರಿಗೆ ಕಟ್ಟುತ್ತಾನೆ ಎಂಬುದಕ್ಕೆ ಇದು ಬೆಂಗಳೂರೇ ಕೊಟ್ಟ ಸಾಕ್ಷಿ.

ಇಷ್ಟರಲ್ಲಿ ಮಾರುಕಟ್ಟೆ ಏನಾಗಿತ್ತು? 1990ರ ದಶಕದಲ್ಲಿ ಕೆ.ಆರ್. ಮಾರುಕಟ್ಟೆಯ ಹಳೆಯ ಕಟ್ಟಡಗಳ ನಡುವೆ ಮೂರು ಅಂತಸ್ತಿನ ಸಂಕೀರ್ಣ ಎದ್ದಿತು. 1999ರ ಹೊತ್ತಿಗೆ ಮೈಸೂರು ರಸ್ತೆಯ ಕಡೆಗೆ ಹೋಗುವ ಮೇಲ್ಸೇತುವೆ ಮಾರುಕಟ್ಟೆಯ ಮುಂದೆಯೇ ಹಾದುಹೋಯಿತು. ಕಾರುಗಳು ಮೇಲೆ ಸರಾಗವಾಗಿ ಹೋದವು. ಕೆಳಗೆ ಗಾಡಿ, ಆಟೊ, ಹಮಾಲರು, ಬುಟ್ಟಿ ಹೊತ್ತವರು ಒಬ್ಬರ ಮೇಲೊಬ್ಬರು ಬೀಳುವ ಇಕ್ಕಟ್ಟು ಹಾಗೆಯೇ ಉಳಿಯಿತು. ರಸೆಲ್ ಮಾರುಕಟ್ಟೆ 2012ರ ಫೆಬ್ರುವರಿಯಲ್ಲಿ ಬೆಂಕಿಗೆ ಸಿಕ್ಕಿ ಅನೇಕ ಮಳಿಗೆಗಳನ್ನು ಕಳೆದುಕೊಂಡಿತು. ವ್ಯಾಪಾರಿಗಳು ಮತ್ತೆ ಅಲ್ಲೇ ಅಂಗಡಿ ಹಾಕಿದರು.

ಮಾರುಕಟ್ಟೆಯ ಜೀವ ಕಾಣಬೇಕಾದರೆ ನಸುಕಿನಲ್ಲಿ ಸಿಟಿ ಮಾರ್ಕೆಟ್ಟಿನ ಹೂವಿನ ನೆಲಮಾಳಿಗೆಗೆ ಇಳಿಯಬೇಕು. ಸೇವಂತಿಗೆ, ಕನಕಾಂಬರ, ಮಲ್ಲಿಗೆ, ಸುಗಂಧರಾಜ ಸುರಿದ ಗುಡ್ಡೆಗಳು. ಬಿಡಿ ಹೂವಿಗೆ ತಕ್ಕಡಿ, ಕಟ್ಟಿದ ಹೂವಿಗೆ ಕೈಯೇ ಅಳತೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ಎರಡು ತೋಳನ್ನೂ ಅಗಲಿಸಿ ದಾರ ಎಳೆದರೆ ಒಂದು ಮಾರು. ಉದ್ದ ತೋಳಿನ ಹೆಂಗಸಿನ ಹತ್ತಿರ ಗಿರಾಕಿ ಹೆಚ್ಚು. ಇಲ್ಲಿಂದ ಸಗಟಾಗಿ ಕೊಂಡ ಹೂವು ಬೆಳಕು ಹರಿಯುವಷ್ಟರಲ್ಲಿ ಊರಿನ ಮೂಲೆಮೂಲೆಯ ಗುಡಿ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬುಟ್ಟಿ ಹೊತ್ತು ಮನೆಮನೆ ತಿರುಗುವವರ ತಲೆಯ ಮೇಲಕ್ಕೆ ತಲುಪಿರುತ್ತದೆ. ಒಂದು ಸಾರ್ವಜನಿಕ ಸೂರು ಸಾವಿರಾರು ಸಣ್ಣ ವ್ಯಾಪಾರಗಳ ಬೇರು. 2020ರಲ್ಲಿ ಕೊರೊನಾ ಹಾವಳಿಗೆ ಈ ಮಾರುಕಟ್ಟೆ ತಿಂಗಳುಗಟ್ಟಲೆ ಮುಚ್ಚಿ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಆ ಅವಧಿಯಲ್ಲಿ ಹೊಲದಲ್ಲೇ ಬಾಡಿದ ಹೂವನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಬೀದಿಯಲ್ಲಿ ಕೂರುವವರ ಪಾಲಿಗೆ ಕಾನೂನು ಬಂದದ್ದು ತಡವಾಗಿ. ಪರವಾನಗಿ ಇಲ್ಲದ ಗಾಡಿಯನ್ನು ಎತ್ತಿಕೊಂಡು ಹೋಗುವುದು, ತಕ್ಕಡಿ ಕಿತ್ತುಕೊಳ್ಳುವುದು ದಶಕಗಳ ಕಾಲ ನಡೆದ ಪರಿಪಾಠ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದನ್ನು ತಿರುಗಿಸಿತು. ಪ್ರತಿ ನಗರಕ್ಕೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ 40ರಷ್ಟು ಸ್ಥಾನ ಬೀದಿ ವ್ಯಾಪಾರಿಗಳು ತಾವೇ ಆರಿಸಿದವರಿಗೆ, ಆ ಸ್ಥಾನಗಳಲ್ಲಿ ಮೂರರಲ್ಲಿ ಒಂದು ಹೆಂಗಸರಿಗೆ. ಐದು ವರ್ಷಕ್ಕೊಮ್ಮೆ ಸಮೀಕ್ಷೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸುಂಕ ಕೊಡುವವರೂ ಕಟ್ಟಳೆ ಮಾಡುವಲ್ಲಿ ಕೂರಬೇಕು ಎಂಬ ಪಟ್ಟಣಸ್ವಾಮಿಯ ಕಾಲದ ತತ್ವ ಈ ಕಾಯ್ದೆಯಲ್ಲಿ ಮರಳಿ ಬಂದಿದೆ, ಈ ಸಲ ಸೆಟ್ಟಿಗಳ ಜೊತೆಗೆ ಸೊಪ್ಪಿನವಳಿಗೂ.

ನಗರಸಭೆಯ ಒಂದು ಕಾಗದಕ್ಕೆ ಎಷ್ಟು ತೂಕ ಎಂಬುದು 2020ರ ಜೂನ್‌ನಲ್ಲಿ ಗೊತ್ತಾಯಿತು. ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿ ಸಾಲ ಕೊಡಿಸುವ ಪಿಎಂ ಸ್ವನಿಧಿ ಯೋಜನೆ ಬಂದಾಗ ಬ್ಯಾಂಕುಗಳು ಕೇಳಿದ್ದು ನಗರಸಭೆ ಕೊಟ್ಟ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ. ಸಮೀಕ್ಷೆಯಲ್ಲಿ ಹೆಸರು ಬಂದವರಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ಹೆಸರು ಬಿಟ್ಟುಹೋದವರು ಪತ್ರಕ್ಕಾಗಿ ಕಚೇರಿಯ ಮುಂದೆ ನಿಂತರು, ಇಲ್ಲವೇ ಬೆಳಿಗ್ಗೆ ಕೊಟ್ಟು ಸಂಜೆ ಬಡ್ಡಿ ಸಮೇತ ವಸೂಲಿ ಮಾಡುವವನ ಹತ್ತಿರ ಹೋದರು. ಒಂದು ಸಮೀಕ್ಷೆ ಸರಿಯಾಗಿ ನಡೆಯುವುದು, ಒಂದು ಚೀಟಿ ಸಮಯಕ್ಕೆ ಸಿಗುವುದು ಸಣ್ಣ ವ್ಯಾಪಾರಿಗೆ ಬಂಡವಾಳವೇ ಆಗಿಬಿಟ್ಟಿದೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆಯೇ ಇಲ್ಲದೆ ಅಧಿಕಾರಿಗಳು ಆಡಳಿತ ನಡೆಸಿದರು. 1862ರಲ್ಲಿ ಆ ಒಂಬತ್ತು ಮಂದಿಯಾದರೂ ಪೇಟೆಯವರೇ ಆಗಿದ್ದರು. ಈ ಐದು ವರ್ಷ ಚರಂಡಿ ಕಟ್ಟಿದಾಗ, ಲೈಸೆನ್ಸ್ ತಡವಾದಾಗ ವ್ಯಾಪಾರಿ ಹೋಗಿ ಕೇಳಲು ವಾರ್ಡಿನ ಸದಸ್ಯರೂ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು ಒಡೆದು ಐದು ನಗರ ಪಾಲಿಕೆಗಳನ್ನು ಮಾಡಲಾಯಿತು.

ಐದೂ ಪಾಲಿಕೆಗಳ ಮುಂದೆ ಈಗ ತೀರಾ ಸ್ಪಷ್ಟವಾದ ಕೆಲಸಗಳಿವೆ. ಪ್ರತಿಯೊಂದೂ ತನ್ನ ಬೀದಿ ವ್ಯಾಪಾರಿಗಳನ್ನು ಎಣಿಸಬೇಕು, ವ್ಯಾಪಾರ ಸಮಿತಿಗೆ ಚುನಾವಣೆ ನಡೆಸಬೇಕು, ಪರವಾನಗಿಯ ದರ ಮತ್ತು ದಿನಗಳನ್ನು ಗೋಡೆಯ ಮೇಲೆ ಬರೆದು ಅದರಂತೆ ನಡೆಯಬೇಕು. ಮಳಿಗೆಗಳ ಬಾಡಿಗೆಯನ್ನು ಕಾಲಕ್ಕೆ ತಕ್ಕಂತೆ ಏರಿಸಬೇಕು, ಏರಿಸಿದ ಹಣ ಅದೇ ಮಾರುಕಟ್ಟೆಯ ಶೌಚಾಲಯಕ್ಕೆ, ಕಸ ಸಾಗಣೆಗೆ, ಹೂವು ತರಕಾರಿ ಕೆಡದಂತೆ ಇಡುವ ತಂಪುಗೋದಾಮಿಗೆ, ಬೆಂಕಿ ಆರಿಸುವ ಸಲಕರಣೆಗೆ ಹೋಗಬೇಕು. ಪಾಲಿಕೆಗಳ ಬಜೆಟ್ ಪುಸ್ತಕದಲ್ಲಿ ಮಾರುಕಟ್ಟೆಯಿಂದ ಬಂದ ಹಣ ಒಂದು ಪುಟದಲ್ಲಿ, ಮಾರುಕಟ್ಟೆಗೆ ಹಾಕಿದ ಹಣ ಇನ್ನೊಂದು ಪುಟದಲ್ಲಿ ಇರುತ್ತದೆ. ಈ ಎರಡು ಅಂಕಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚು ಹಾಕಿಸುವುದರಿಂದ ಹೊಸ ಪಾಲಿಕೆಗಳು ಕೆಲಸ ಶುರುಮಾಡಬಹುದು.